ಇಡೀ ಸೀಮೆಗೆ ಒಂದೇ ಕೊಲೆಸ್ಟ್ರಾಲ್ ರಿಪೋರ್ಟ್: ಉತ್ತರ ಕರೇಲಿಯಾ ಪ್ರಕರಣ

1971ರ ಜನವರಿಯಲ್ಲಿ ಫಿನ್‌ಲೆಂಡಿನ ಪೂರ್ವ ಮೂಲೆಯ ಒಂದು ಪ್ರಾಂತ್ಯದವರು ರಾಜಧಾನಿಯ ಸರ್ಕಾರಕ್ಕೆ ಮನವಿ ಕೊಟ್ಟರು. ಪ್ರಾಂತ್ಯದ ಗವರ್ನರ್, ಅಲ್ಲಿಂದ ಗೆದ್ದ ಸಂಸದರು, ಸ್ಥಳೀಯ ಸಂಘ-ಸಂಸ್ಥೆಗಳವರು ಎಲ್ಲರೂ ಅದರ ಹಿಂದೆ ನಿಂತಿದ್ದರು. ನಮ್ಮ ಗಂಡಸರು ದುಡಿಯುವ ವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದಾರೆ, ಇದನ್ನು ತಡೆಯೋಕೆ ಏನಾದರೂ ಮಾಡಿ ಅನ್ನೋದು ಅದರ ಸಾರ. ಊರಿಗೊಂದು ಆಸ್ಪತ್ರೆ ಕಟ್ಟಿಸಿಕೊಡಿ ಎಂದು ಕೇಳುವವರು ಎಲ್ಲ ಕಡೆ ಸಿಗುತ್ತಾರೆ. ಕಾಯಿಲೆಯೇ ಬಾರದ ಹಾಗೆ ಮಾಡಿ ಎಂದು ಒಂದು ಇಡೀ ಸೀಮೆ ಎದ್ದು ಕೇಳಿದ್ದು ಅಪರೂಪ.

ಆ ಸೀಮೆಯ ಹೆಸರು ಉತ್ತರ ಕರೇಲಿಯಾ. ಅಲ್ಲಿ ಮುಂದೆ ಏನು ನಡೆಯಿತು ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಊರುಗಳಲ್ಲೂ ಈಗ ಶಾಲೆಯ ಹಾಲ್‌ನಲ್ಲಿ, ದೇವಸ್ಥಾನದ ಸಮುದಾಯ ಭವನದಲ್ಲಿ ಕೊಲೆಸ್ಟ್ರಾಲ್ ತಪಾಸಣೆಯ ಕ್ಯಾಂಪ್‌ಗಳು ಆಗಾಗ ನಡೆಯುತ್ತವೆ. ರಕ್ತ ತೆಗೆದುಕೊಂಡ ಮೇಲೆ ಏನಾಗಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಟ್ಟಿಮುಟ್ಟಾದ ಜನ, ಸೋತ ಹೃದಯ

ಉತ್ತರ ಕರೇಲಿಯಾ ರಷ್ಯಾದ ಗಡಿಗೆ ಅಂಟಿಕೊಂಡಿದೆ. ಕಾಡು, ಕೆರೆ, ವರ್ಷದಲ್ಲಿ ಎಷ್ಟೋ ತಿಂಗಳು ಹಿಮ. ಮುಖ್ಯ ಪಟ್ಟಣ ಯೊಯೆನ್ಸೂ. 1970ರ ಸುಮಾರಿಗೆ ಜನಸಂಖ್ಯೆ ಸುಮಾರು 1,80,000, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು. ಕಸುಬು ಮರ ಕಡಿಯೋದು, ಹಸು ಸಾಕೋದು. ದಿನವಿಡೀ ಮೈಮುರಿದು ದುಡಿಯುವ ಗಂಡಸರು, ಬೊಜ್ಜು ಅಷ್ಟೇನಿಲ್ಲ. ಇವರಿಗೆ ಹೃದಯದ ಕಾಯಿಲೆ ಬರುತ್ತೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಹೃದಯಾಘಾತದಿಂದ ಸಾಯುವ ಗಂಡಸರ ಲೆಕ್ಕದಲ್ಲಿ ಫಿನ್‌ಲೆಂಡ್ ಜಗತ್ತಿಗೇ ಮುಂದಿತ್ತು. ಫಿನ್‌ಲೆಂಡಿನೊಳಗೆ ಈ ಪ್ರಾಂತ್ಯ ಮುಂದಿತ್ತು.

ಇದು ರಾತ್ರೋರಾತ್ರಿ ಗೊತ್ತಾದ ವಿಷಯ ಅಲ್ಲ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1950ರ ದಶಕದ ಕೊನೆಯಲ್ಲಿ ಏಳು ದೇಶಗಳ ಗಂಡಸರನ್ನು ಸೇರಿಸಿ ದೊಡ್ಡ ಅಧ್ಯಯನ ಶುರುಮಾಡಿದ್ದರು. ಅದರಲ್ಲಿ ಪೂರ್ವ ಫಿನ್‌ಲೆಂಡಿನ ಹಳ್ಳಿಗಳೂ ಇದ್ದವು, ಗ್ರೀಸ್‌ನ ಕ್ರೀಟ್ ದ್ವೀಪವೂ ಇತ್ತು. ಎರಡೂ ಕಡೆ ರೈತರೇ, ಎರಡೂ ಕಡೆ ಊಟದಲ್ಲಿ ಕೊಬ್ಬು ಜಾಸ್ತಿಯೇ. ಆದರೆ ಕ್ರೀಟ್‌ನಲ್ಲಿ ಅದು ಆಲಿವ್ ಎಣ್ಣೆ. ಫಿನ್‌ಲೆಂಡಿನಲ್ಲಿ ಬೆಣ್ಣೆ, ಗಟ್ಟಿ ಹಾಲು, ಹಂದಿಯ ಕೊಬ್ಬು. ಕ್ರೀಟ್‌ನಲ್ಲಿ ಹೃದಯಾಘಾತ ತೀರಾ ಕಮ್ಮಿ, ಪೂರ್ವ ಫಿನ್‌ಲೆಂಡಿನಲ್ಲಿ ವಿಪರೀತ. ಈ ಕೆಲಸದಲ್ಲಿ ಕೀಸ್ ಜೊತೆಗಿದ್ದ ಫಿನ್‌ಲೆಂಡಿನ ವೈದ್ಯ ಮಾರ್ಟಿ ಕಾರ್ವೊನೆನ್. ಅವರು ಮತ್ತು ಅವರಂಥವರು ಹೇಳುತ್ತಾ ಬಂದದ್ದು ಪತ್ರಿಕೆಗಳಲ್ಲಿ ಬಂತು, ಜನರ ಕಿವಿಗೆ ಬಿತ್ತು. ಮನವಿ ಹುಟ್ಟಿದ್ದೇ ಹಾಗೆ.

1972ರ ವಸಂತದಲ್ಲಿ ಉತ್ತರ ಕರೇಲಿಯಾ ಯೋಜನೆ ಶುರುವಾಯಿತು. ಅದರ ಹೊಣೆ ಹೊತ್ತವರು ಪೆಕ್ಕಾ ಪುಸ್ಕಾ. 1945ರಲ್ಲಿ ಹುಟ್ಟಿದವರು, ಆಗಿನ್ನೂ ಮೂವತ್ತೂ ತುಂಬಿರದ ವೈದ್ಯ. ಹೃದ್ರೋಗ ತಜ್ಞರೂ ಅಲ್ಲ. ವೈದ್ಯಕೀಯದ ಜೊತೆಗೆ ಸಮಾಜ ವಿಜ್ಞಾನವನ್ನೂ ಓದಿದ್ದರು. ಈ ಎರಡನೆಯದೇ ಮುಂದೆ ಕೈಹಿಡಿಯಿತು ಅಂತ ನನಗನ್ನಿಸುತ್ತದೆ.

ಮೊದಲ ರಕ್ತ ಪರೀಕ್ಷೆ ಹೇಳಿದ್ದೇನು?

ಯೋಜನೆಯ ಮೊದಲ ಕೆಲಸ ಭಾಷಣ ಆಗಿರಲಿಲ್ಲ, ಅಳತೆ ಆಗಿತ್ತು. ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾವಿರಾರು ಮಂದಿಯನ್ನು ಕರೆದರು. ರಕ್ತ ತೆಗೆದರು, ಬಿಪಿ ನೋಡಿದರು, ಏನು ತಿನ್ನುತ್ತೀರಿ, ಸಿಗರೇಟ್ ಸೇದುತ್ತೀರಾ ಎಂದು ಕೇಳಿದರು. ಪಕ್ಕದ ಕುವೊಪಿಯೊ ಪ್ರಾಂತ್ಯದಲ್ಲೂ ಇದನ್ನೇ ಮಾಡಿದರು, ಮುಂದೆ ಹೋಲಿಸಿ ನೋಡಬೇಕಲ್ಲ. ಕರೆದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಬಂದರು.

ಈ ಒಂದು ಸಂಗತಿಯನ್ನು ನಾನು ಬಹಳ ದೊಡ್ಡದು ಅಂತ ತಿಳಿದಿದ್ದೇನೆ. ನಮ್ಮ ಕ್ಯಾಂಪ್‌ಗಳಿಗೆ ಬರುವವರು ಯಾರು? ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು, ನಿವೃತ್ತರು, ಅವತ್ತು ಬಿಡುವಿದ್ದವರು. ಗಾರೆ ಕೆಲಸದವರು, ಆಟೋ ಓಡಿಸುವವರು, ಗದ್ದೆಗೆ ಹೋದವರು ಬರುವುದಿಲ್ಲ. ಬಂದವರದ್ದಷ್ಟೇ ಲೆಕ್ಕ ಹಾಕಿದರೆ ಅದು ಊರಿನ ಲೆಕ್ಕ ಆಗುವುದಿಲ್ಲ. ಉತ್ತರ ಕರೇಲಿಯಾದಲ್ಲಿ ಅಳೆದದ್ದು ನಿಜವಾಗಿ ಊರಿನ ರಕ್ತ.

ಫಲಿತಾಂಶ ಬಂತು. ಮೂವತ್ತರಿಂದ ಐವತ್ತೊಂಬತ್ತರ ಗಂಡಸರ ಸರಾಸರಿ ಕೊಲೆಸ್ಟ್ರಾಲ್ ಅಲ್ಲಿನ ಅಳತೆಯಲ್ಲಿ 6.9 ಮಿಲಿಮೋಲ್. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ (ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ) ಹೇಳಿದರೆ ಸುಮಾರು 267. ಇದು ಸರಾಸರಿ ಅನ್ನೋದನ್ನು ಮರೆಯಬೇಡಿ. ಹೆಂಗಸರದ್ದೂ ಹೆಚ್ಚುಕಮ್ಮಿ ಅಷ್ಟೇ. ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ 52% ಮಂದಿ, ಸಿಗರೇಟ್ ಸೇದುತ್ತಿದ್ದರು. ಬಿಪಿಯ ಸರಾಸರಿಯೇ 149ಕ್ಕೆ 92.

ಈಗ ಪ್ರಶ್ನೆ ನೋಡಿ. ನಮ್ಮ ಲ್ಯಾಬ್‌ಗಳ ಹಾಗೆ 200ಕ್ಕೆ ಗೆರೆ ಎಳೆದು, ಅದಕ್ಕಿಂತ ಮೇಲಿದ್ದವರನ್ನು ರೋಗಿ ಅಂತ ಕರೆದಿದ್ದರೆ? ಹೆಚ್ಚುಕಮ್ಮಿ ಇಡೀ ಪ್ರಾಂತ್ಯವೇ ರೋಗಿ ಆಗುತ್ತಿತ್ತು. ಗೆರೆಯನ್ನು ಮೇಲಕ್ಕೆ ಎಳೆದು, 300 ದಾಟಿದವರನ್ನಷ್ಟೇ ಹಿಡಿದಿದ್ದರೆ? ಆಗ ಸಾಯುವವರಲ್ಲಿ ಹೆಚ್ಚಿನವರು ಕೈತಪ್ಪಿ ಹೋಗುತ್ತಿದ್ದರು. ಯಾಕೆಂದರೆ 240, 260, 270 ಇರುವವರು ಬಹಳ ಮಂದಿ. ಒಬ್ಬೊಬ್ಬರ ಅಪಾಯ ಮಧ್ಯಮ, ಆದರೆ ಸಂಖ್ಯೆ ದೊಡ್ಡದು. ಹೆಣಗಳ ಲೆಕ್ಕ ಹಾಕಿದಾಗ ಇವರ ಮನೆಗಳಿಂದಲೇ ಜಾಸ್ತಿ ಹೊರಡುತ್ತವೆ. ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ ಇದನ್ನೇ 1985ರಲ್ಲಿ ತಮ್ಮ ಹೆಸರಾಂತ ಪ್ರಬಂಧದಲ್ಲಿ ಬಿಡಿಸಿ ಬರೆದರು. ಪುಸ್ಕಾ ಅವರ ತಂಡ ಅದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ಅಪಾಯ ಇರುವವರನ್ನು ಹುಡುಕಿ ಬೇರೆ ಮಾಡುವುದು ಬೇಡ, ಇಡೀ ಪ್ರಾಂತ್ಯದ ಸರಾಸರಿಯನ್ನೇ ಕೆಳಗೆ ತರೋಣ ಎಂದು ತೀರ್ಮಾನ ಮಾಡಿದರು.

ಅಳತೆ ಒಂದು ಸಲಕ್ಕೆ ನಿಲ್ಲಲಿಲ್ಲ. ಐದೈದು ವರ್ಷಕ್ಕೊಮ್ಮೆ, 1977, 1982, 1987 ಹೀಗೆ, ಮತ್ತೆ ಹೊಸದಾಗಿ ಜನರನ್ನು ಆರಿಸಿ ರಕ್ತ ನೋಡುತ್ತಾ ಹೋದರು.

ಬೆಣ್ಣೆ ಎಲ್ಲಿಂದ ಬಂತು?

ಎರಡನೇ ಮಹಾಯುದ್ಧದಲ್ಲಿ ಫಿನ್‌ಲೆಂಡ್ ಕರೇಲಿಯಾದ ದೊಡ್ಡ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಕಳೆದುಕೊಂಡಿತು. ನೆಲೆ ತಪ್ಪಿ ಬಂದವರಿಗೆ, ಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರ ಜಮೀನು ಕೊಟ್ಟಿತು. ಅವರು ಕಾಡು ಕಡಿದು ಹಸು ಕಟ್ಟಿದರು. ಬಡತನದಲ್ಲಿ ಬೆಳೆದವರ ಮನೆಗೆ ಮೊದಲ ಸಲ ಹಾಲು, ಬೆಣ್ಣೆ, ಮಾಂಸ ಯಥೇಚ್ಛವಾಗಿ ಬಂತು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಊಟದ ಜೊತೆ ಲೋಟಗಟ್ಟಲೆ ಗಟ್ಟಿ ಹಾಲು, ನೀರು-ಉಪ್ಪು ಹಾಕಿ ಬೇಯಿಸಿದ ಕೊಬ್ಬಿನ ಹಂದಿಮಾಂಸ. ಸೊಪ್ಪು-ತರಕಾರಿ ದನ ತಿನ್ನೋದು ಅನ್ನೋ ಭಾವನೆ ಗಂಡಸರಲ್ಲಿ ಗಟ್ಟಿಯಾಗಿತ್ತು. 1972ರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬ್ರೆಡ್ಡಿಗೆ ಬೆಣ್ಣೆಯನ್ನೇ ಹಚ್ಚುತ್ತಿದ್ದರು. ಊಟದಿಂದ ಸಿಗುವ ಶಕ್ತಿಯಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಂಥ ಗಟ್ಟಿ ಕೊಬ್ಬಿನಿಂದಲೇ ಬರುತ್ತಿತ್ತು.

ಬೆಣ್ಣೆ, ತುಪ್ಪ, ಕೆನೆ, ಪಾಮ್ ಎಣ್ಣೆಯಂಥವುಗಳಲ್ಲಿ ಜಾಸ್ತಿ ಇರುವ ಈ ಸ್ಯಾಚುರೇಟೆಡ್ ಕೊಬ್ಬು ಒಳಗೆ ಏನು ಮಾಡುತ್ತದೆ? ಕೊಲೆಸ್ಟ್ರಾಲನ್ನು ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಯಕೃತ್ತಿನ ಕೆಲಸ. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಆದಾಗ ಯಕೃತ್ತು ಆ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಯೊಳಗೆ ಸೇರುತ್ತಾ ಹೋಗುತ್ತದೆ. ಇದು ಒಂದು ದಿನದ ಕಥೆಯಲ್ಲ, ಇಪ್ಪತ್ತು-ಮೂವತ್ತು ವರ್ಷದ್ದು. ನೋವಿಲ್ಲ, ಸುಸ್ತಿಲ್ಲ, ಯಾವ ಸೂಚನೆಯೂ ಇಲ್ಲ. ಒಂದು ದಿನ ಆ ದಪ್ಪಗಾದ ಜಾಗ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತ. ಮರ ಕಡಿಯುವ ತೋಳಿನ ಶಕ್ತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಫಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ಅಲ್ಲಿ ಕಾಫಿಪುಡಿಯನ್ನು ನೀರಿಗೆ ಹಾಕಿ ಕುದಿಸಿ, ಸೋಸದೆ ಕುಡಿಯುವ ರೂಢಿ ಇತ್ತು. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶ ಇದೆ, ಅದು ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಜನ ಕಾಗದದ ಫಿಲ್ಟರಿಗೆ ಬದಲಾದಾಗ ಸರಾಸರಿ ಇಳಿಯಲು ಅದೂ ಸ್ವಲ್ಪ ನೆರವಾಯಿತು. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಕಾಗದ ಇಲ್ಲ ಅನ್ನೋದು ನೆನಪಿರಲಿ, ಆದರೆ ಇದಕ್ಕಾಗಿ ಯಾರೂ ಕಾಫಿ ಬಿಡುವ ಅವಸರ ಮಾಡಬೇಕಿಲ್ಲ. ಅದಕ್ಕಿಂತ ದೊಡ್ಡ ಕೆಲಸಗಳು ಅಡುಗೆಮನೆಯಲ್ಲಿ ಬಾಕಿ ಇವೆ.

ದೀರ್ಘಾಯುಷ್ಯದ ಕೂಟ

ಶುರುವಿನಲ್ಲಿ ತಂಡದವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಭೆ ಕರೆದು ತಿಳಿ ಹೇಳಿದರು, ಕರಪತ್ರ ಹಂಚಿದರು. ಜನ ಕೇಳಿಸಿಕೊಂಡರು, ತಲೆಯಾಡಿಸಿದರು. ಆದರೆ ಮನೆಗೆ ಹೋಗಿ ಅಡುಗೆ ಮಾಡುವವರು ಹೆಂಗಸರು. ಅವರ ಕೈಗೆ ಹೊಸ ಅಡುಗೆ ಸಿಗದೆ ಇದ್ದರೆ ತಟ್ಟೆಯಲ್ಲಿ ಏನೂ ಬದಲಾಗುವುದಿಲ್ಲ, ಅಲ್ವಾ?

ಫಿನ್‌ಲೆಂಡಿನಲ್ಲಿ ಮಾರ್ತಾ ಎಂಬ ಗೃಹಿಣಿಯರ ಸಂಘಟನೆ ಇದೆ. 1899ರಿಂದ ಇರುವಂಥದ್ದು, ಹಳ್ಳಿಹಳ್ಳಿಯಲ್ಲಿ ಬೇರು ಬಿಟ್ಟಿದ್ದು. ಯೋಜನೆಯವರು ಅವರ ಜೊತೆ ಕೈ ಜೋಡಿಸಿದರು. ಅಲ್ಲಿಂದ ಹುಟ್ಟಿದ್ದು ದೀರ್ಘಾಯುಷ್ಯದ ಕೂಟಗಳು. ಊರಿನ ಹೆಂಗಸರು, ಗಂಡಸರು ಒಂದೆಡೆ ಸೇರುತ್ತಿದ್ದರು. ಯಾರೋ ಒಬ್ಬರು ಹೃದಯದ ಬಗ್ಗೆ ಚಿಕ್ಕದಾಗಿ ಮಾತಾಡುತ್ತಿದ್ದರು. ಅದಾದ ಮೇಲೆ ಎಲ್ಲರೂ ಕೂತು ಊಟ.

ಊಟದ ವಿಷಯದಲ್ಲಿ ಅವರು ತೋರಿದ ಜಾಣ್ಮೆ ನೋಡಿ. ಹೊರದೇಶದ ಹೊಸ ತಿನಿಸು ತಂದು ಬಡಿಸಲಿಲ್ಲ. ಕರೇಲಿಯಾದ ಮನೆಮನೆಯಲ್ಲೂ ಮಾಂಸವನ್ನು ಮಡಕೆಯಲ್ಲಿಟ್ಟು ನಿಧಾನ ಬೇಯಿಸುವ ಒಂದು ಅಡುಗೆ ಇದೆ. ಅದೇ ಮಡಕೆ, ಅದೇ ಅಡುಗೆ. ಕೊಬ್ಬಿನ ಮಾಂಸ ಕಮ್ಮಿ ಮಾಡಿದರು. ಆ ಜಾಗಕ್ಕೆ ಗಡ್ಡೆ, ಆಲೂಗೆಡ್ಡೆ, ಕ್ಯಾರೆಟ್ ಹಾಕಿದರು. ಉಪ್ಪನ್ನೂ ಇಳಿಸಿದರು. ತಿಂದವರಿಗೆ ರುಚಿಸಿತು. ಹೆಂಗಸರು ಮಾಡುವ ಬಗೆಯನ್ನು ಬರೆದುಕೊಂಡು ಹೋದರು.

ಊರೂರಲ್ಲಿ ನಾಲ್ಕು ಜನ ಮಾತು ಕೇಳುವಂಥ ವ್ಯಕ್ತಿಗಳನ್ನು ಹುಡುಕಿ ತರಬೇತಿ ಕೊಟ್ಟರು. ಅಂಗಡಿಯವರು, ಸಂಘದ ಮುಖಂಡರು, ಇಂಥವರು ನೂರಾರು ಮಂದಿ. ಇವರಿಗೆ ಸಂಬಳ ಇಲ್ಲ. ಆರೋಗ್ಯ ಕೇಂದ್ರದ ನರ್ಸುಗಳಿಗೆ ಬಿಪಿ ಇರುವವರ ಪಟ್ಟಿ ಇಟ್ಟು ಹಿಂಬಾಲಿಸುವ ಕೆಲಸ ಕೊಟ್ಟರು. ಸಿಗರೇಟ್ ಬಿಡಿಸುವ ಕಾರ್ಯಕ್ರಮ ಟಿವಿಯಲ್ಲಿ ಬಂತು. 1976ರಲ್ಲಿ ದೇಶಕ್ಕೇ ತಂಬಾಕು ಕಾಯ್ದೆ ಬಂತು.

ಹಾಲಿನವರ ಸಿಟ್ಟು

ಎಲ್ಲ ಸುಸೂತ್ರ ನಡೆಯಿತು ಅಂದುಕೊಳ್ಳಬೇಡಿ. ಹಾಲು-ಬೆಣ್ಣೆಯೇ ಜೀವನ ಆಗಿದ್ದ ಸೀಮೆಯಲ್ಲಿ ಬೆಣ್ಣೆ ಕಮ್ಮಿ ತಿನ್ನಿ ಅಂದರೆ ಯಾರು ಸುಮ್ನೆ ಇರುತ್ತಾರೆ? ಹಾಲಿನ ಉದ್ಯಮದವರು ತಿರುಗಿಬಿದ್ದರು. ರೈತರ ಸಿಟ್ಟಿಗೆ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ. ಯುದ್ಧದಲ್ಲಿ ನೊಂದು ಬಂದು, ಕಲ್ಲುನೆಲ ಹಸನು ಮಾಡಿ, ಹಸು ಕಟ್ಟಿ ಬದುಕಿದವರು. ಅವರ ಹೊಟ್ಟೆಪಾಡಿಗೆ ಉತ್ತರ ಕೊಡದೆ ಇನ್ನೊಬ್ಬರ ಹೃದಯ ಉಳಿಸುತ್ತೇವೆ ಅನ್ನೋಕಾಗುವುದಿಲ್ಲ.

ಉತ್ತರ ಸಿಕ್ಕಿದ್ದು ನಿಧಾನವಾಗಿ, ಹಲವು ಕಡೆಯಿಂದ. ಕೆನೆ ತೆಗೆದ ಹಾಲು ಮಾರುಕಟ್ಟೆಗೆ ಬಂತು, ಜನ ಕೊಂಡರು. ಹಾಲಿಗೆ ಬೆಲೆ ಕಟ್ಟುವಾಗ ಕೊಬ್ಬಿಗಿದ್ದ ಒತ್ತು ಕ್ರಮೇಣ ಪ್ರೋಟೀನ್ ಕಡೆಗೆ ವಾಲಿತು. ಆ ಚಳಿಗೂ ಬೆಳೆಯುವ ಸಾಸಿವೆ ಜಾತಿಯ ಎಣ್ಣೆಬೀಜದ ಬೆಳೆ ಹರಡಿತು, ಸ್ವದೇಶದ್ದೇ ಅಡುಗೆ ಎಣ್ಣೆ ಸಿಕ್ಕಿತು. 1980ರ ದಶಕದಲ್ಲಿ ಹಸು ಬಿಡುವ ರೈತರಿಗೆ ಹಣ್ಣು ಬೆಳೆಯಲು ನೆರವಾಗುವ ಯೋಜನೆ ಬಂತು. ಅಲ್ಲಿ ಬೆರಿ ಜಾತಿಯ ಹಣ್ಣುಗಳು ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತವೆ. ಅವನ್ನು ಫ್ರೀಜರಿನಲ್ಲಿಟ್ಟು ವರ್ಷವಿಡೀ ಮಾರಿದರು. ಸಾಸೇಜ್ ಮಾಡುವ ಸ್ಥಳೀಯ ಕಾರ್ಖಾನೆಯನ್ನೂ ಒಪ್ಪಿಸಿ, ಸಾಸೇಜಿನಲ್ಲಿ ಕೊಬ್ಬು ಇಳಿಸಿ ಅಣಬೆ ಸೇರಿಸುವ ಹಾಗೆ ಮಾಡಿದರು. ತಿನ್ನುವವರ ಮನಸ್ಸನ್ನು ಮಾತ್ರ ಬದಲಾಯಿಸಲು ಹೊರಟಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನೋದೂ ಬದಲಾಯಿತು.

ಹಳ್ಳಿಗಳ ನಡುವೆ ಪಂದ್ಯ

ತಪಾಸಣೆಯನ್ನು ಜನರ ಕೈಗೇ ಕೊಟ್ಟದ್ದು ಕೊಲೆಸ್ಟ್ರಾಲ್ ಪಂದ್ಯಗಳು. ಪಂದ್ಯಕ್ಕೆ ಸೇರಿದ ಹಳ್ಳಿಯವರೆಲ್ಲ ಮೊದಲು ರಕ್ತ ಕೊಡುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಮತ್ತೆ ಕೊಡುತ್ತಿದ್ದರು. ಯಾರೊಬ್ಬರದ್ದೂ ಹೆಸರು ಹಿಡಿದು ಹೋಲಿಸುವುದಿಲ್ಲ. ಹಳ್ಳಿಯ ಸರಾಸರಿ ಎಷ್ಟು ಇಳಿಯಿತು ಅನ್ನೋದೇ ಲೆಕ್ಕ. ಜಾಸ್ತಿ ಇಳಿಸಿದ ಹಳ್ಳಿಗೆ ಬಹುಮಾನ, ಅದೂ ಊರಿಗೇ.

ಪರೀಕ್ಷೆ ಹೇಗೆ ನಡೆಯಬೇಕು ಅನ್ನೋದನ್ನು ಇದು ತಲೆಕೆಳಗು ಮಾಡುತ್ತದೆ. ಕ್ಯಾಂಪಿನಲ್ಲಿ ಒಬ್ಬರಿಗೆ 238 ಬಂತು ಅಂದುಕೊಳ್ಳಿ. ಅವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಹೆದರಿಕೆ, ನಾಚಿಕೆ, ಮನೆಯವರಿಗೆ ಹೇಳಬೇಕೋ ಬೇಡವೋ ಅನ್ನೋ ಗೊಂದಲ. ವಾರ ಕಳೆದರೆ ಮರೆತೂ ಹೋಗುತ್ತದೆ. ಪಂದ್ಯದಲ್ಲಿ ಅದೇ 238 ಊರಿನ ಮೊತ್ತದಲ್ಲಿ ಸೇರುತ್ತದೆ. ಪಕ್ಕದ ಮನೆಯವರೂ ಹಾಲು ಬದಲಿಸಿದ್ದಾರೆ, ಎದುರು ಮನೆಯವರೂ ಎಣ್ಣೆ ಇಳಿಸಿದ್ದಾರೆ. ಒಬ್ಬರೇ ಪಥ್ಯ ಮಾಡುವಾಗ ಆಗುವ ಒಂಟಿತನ ಇಲ್ಲ. ಎರಡನೇ ಸಲ ರಕ್ತ ಕೊಡಲು ಬರಲೇಬೇಕು, ಇಲ್ಲದಿದ್ದರೆ ಊರಿನ ಲೆಕ್ಕ ಮುಗಿಯುವುದಿಲ್ಲ. ಕ್ಯಾಂಪ್‌ಗಳಲ್ಲಿ ಅತಿ ಕಷ್ಟದ ಕೆಲಸ ಎಂದರೆ ಜನರನ್ನು ಎರಡನೇ ಸಲ ಕರೆತರುವುದು. ಪಂದ್ಯ ಅದನ್ನು ತಾನಾಗಿಯೇ ಮಾಡಿತು.

ಎಷ್ಟು ಬದಲಾಯಿತು?

2007ರ ಹೊತ್ತಿಗೆ ಗಂಡಸರ ಸರಾಸರಿ ಕೊಲೆಸ್ಟ್ರಾಲ್ 267ರಿಂದ ಸುಮಾರು 210ರ ಆಸುಪಾಸಿಗೆ ಇಳಿಯಿತು. ಸಿಗರೇಟ್ ಸೇದುವ ಗಂಡಸರು 52%ರಿಂದ 31%ಕ್ಕೆ ಬಂದರು. ದುಡಿಯುವ ವಯಸ್ಸಿನ, ಅಂದರೆ 35ರಿಂದ 64ರ ಗಂಡಸರಲ್ಲಿ ಹೃದಯಾಘಾತದ ಸಾವಿನ ಪ್ರಮಾಣ 1970ರ ಹೊತ್ತಿಗೆ ಹೋಲಿಸಿದರೆ 80%ಕ್ಕೂ ಹೆಚ್ಚು ಕಮ್ಮಿಯಾಯಿತು. ಐದು ಮನೆಯಲ್ಲಿ ಸಾವು ಆಗುತ್ತಿದ್ದ ಕಡೆ ನಾಲ್ಕು ಮನೆ ಉಳಿದವು. ಈ ಅಂಕಿಯನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇದರಲ್ಲಿ ಯೋಜನೆಯ ಪಾಲೆಷ್ಟು ಅನ್ನೋ ಬಗ್ಗೆ ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಹೋಲಿಕೆಗೆ ಇಟ್ಟುಕೊಂಡ ಕುವೊಪಿಯೊದಲ್ಲೂ ಸಾವು ಇಳಿಯಿತು. ಹಾಗಾದರೆ ಯೋಜನೆ ಏನು ಮಾಡಿತು ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪಕ್ಕದ ಊರಿಗೆ ಪತ್ರಿಕೆ, ಟಿವಿ, ಅಂಗಡಿಯ ಹೊಸ ಹಾಲು ಹೋಗದಂತೆ ಬೇಲಿ ಹಾಕಲು ಬರುವುದಿಲ್ಲ. ಜೊತೆಗೆ ಮೊದಲ ಐದು ವರ್ಷ ಆದ ಮೇಲೆ ಕೆಲಸವನ್ನು ಇಡೀ ದೇಶಕ್ಕೆ ಹರಡಿದರು. ಯಾವುದರಿಂದ ಇಳಿಯಿತು ಅನ್ನೋದಕ್ಕೆ ಮಾತ್ರ ಒಳ್ಳೆಯ ಲೆಕ್ಕ ಇದೆ. ಫಿನ್‌ಲೆಂಡಿನ ಸಂಶೋಧಕ ಎರ್ಕಿ ವಾರ್ಟಿಯೈನೆನ್ ಮತ್ತು ಜೊತೆಗಾರರು 1994ರಲ್ಲಿ ಇಪ್ಪತ್ತು ವರ್ಷಗಳ ಅಂಕಿ-ಅಂಶ ಇಟ್ಟುಕೊಂಡು ತೋರಿಸಿದರು: ಗಂಡಸರ ಸಾವು ಇಳಿದದ್ದರಲ್ಲಿ ಬಹುಪಾಲು ಕೊಲೆಸ್ಟ್ರಾಲ್, ಬಿಪಿ, ಸಿಗರೇಟ್ ಈ ಮೂರರ ಇಳಿಕೆಯಿಂದಲೇ. ಮೂರರಲ್ಲಿ ದೊಡ್ಡ ಪಾಲು ಕೊಲೆಸ್ಟ್ರಾಲಿನದ್ದು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಜೀವ ಉಳಿಸುತ್ತವೆ ಎಂದು ಸಂದೇಹವಿಲ್ಲದೆ ತೋರಿಸಿದ ಸ್ಕ್ಯಾಂಡಿನೇವಿಯಾದ ಅಧ್ಯಯನ ಬಂದದ್ದೂ 1994ರಲ್ಲೇ. ಅಂದರೆ ಅಲ್ಲಿಯವರೆಗಿನ ಇಳಿಕೆ ಹೆಚ್ಚಾಗಿ ಅಡುಗೆಮನೆಯಿಂದ ಬಂದದ್ದು, ಮಾತ್ರೆಯಿಂದಲ್ಲ.

ಇನ್ನೊಂದು ಸಂಗತಿ. 2012ರ ಅಳತೆಯಲ್ಲಿ ಫಿನ್‌ಲೆಂಡಿನ ಸರಾಸರಿ ಮತ್ತೆ ಸ್ವಲ್ಪ ಏರಿತ್ತು. ಆ ವರ್ಷಗಳಲ್ಲಿ ಅನ್ನ-ಬ್ರೆಡ್ ಬಿಟ್ಟು ಬೆಣ್ಣೆ ತಿನ್ನುವ ಪಥ್ಯ ಜೋರಾಗಿತ್ತು. ಐದು ವರ್ಷಕ್ಕೊಮ್ಮೆ ಅಳೆಯುವ ರೂಢಿ ಇದ್ದದ್ದಕ್ಕೆ ಅದು ಕಣ್ಣಿಗೆ ಬಿತ್ತು.

ಒಬ್ಬೊಬ್ಬರ ಪರೀಕ್ಷೆ ಯಾರಿಗೆ ಬೇಕೇಬೇಕು?

ಸರಾಸರಿ ಇಳಿಸುವುದೇ ಮುಖ್ಯ ಎಂದ ಮಾತ್ರಕ್ಕೆ ಒಬ್ಬೊಬ್ಬರ ಪರೀಕ್ಷೆ ಬೇಡ ಅಂತಲ್ಲ. ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುತ್ತದೆ. ಇದು ವಂಶವಾಹಿಯ ದೋಷ. ಜಗತ್ತಿನಲ್ಲಿ ಸುಮಾರು 250-300 ಜನರಲ್ಲಿ ಒಬ್ಬರಿಗೆ ಇದೆ. ಇದರ ಒಂದು ಬಗೆ ಉತ್ತರ ಕರೇಲಿಯಾದಲ್ಲೇ ಜಾಸ್ತಿ ಕಂಡುಬಂದು, ಅದರ ಹೆಸರನ್ನೇ ಪಡೆದಿದೆ. ಇಂಥವರಿಗೆ ಊಟದ ಬದಲಾವಣೆಯೊಂದೇ ಸಾಲದು, ಮಾತ್ರೆ ಬೇಕು, ಅದೂ ಬೇಗ. ಮನೆಯಲ್ಲಿ ಯಾರಿಗಾದರೂ ಐವತ್ತರೊಳಗೆ ಹೃದಯಾಘಾತ ಆಗಿದ್ದರೆ, ಅಥವಾ ಎಲ್‌ಡಿಎಲ್ 190 ದಾಟಿದ್ದರೆ, ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆ ಮಾಡಿಸಲೇಬೇಕು. ನೂರು ಜನರ ಕ್ಯಾಂಪ್‌ನಲ್ಲಿ ಇಂಥ ಒಂದು ಮನೆ ಸಿಕ್ಕರೂ ಆ ಕ್ಯಾಂಪ್ ಸಾರ್ಥಕ. ಆದರೆ ಆ ಮನೆಯ ಬಾಗಿಲಿಗೆ ಯಾರಾದರೂ ಮತ್ತೆ ಹೋಗಬೇಕು.

ನಮ್ಮಲ್ಲಿ ಇದು ಹೇಗೆ?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಕರ್ನಾಟಕದ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವದಲ್ಲಿ ಮತ್ತೆ ಅದೇ ಸಾಲು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಿಂದಿಗಿಂತ ಅಸಹಜವಾದ ಏರಿಕೆ ಕಾಣಲಿಲ್ಲ ಎಂದಿತು. ಸತ್ತವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಸಿಗರೇಟಿನಂಥ ಹಳೇ ಕಾರಣಗಳು ಇದ್ದವು. ಹೆದರಿಕೆ ಸಹಜ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹೆದರಿ ಓಡಿಬಂದವರ ಸಾಲಿನಿಂದ ಊರಿನ ಸರಾಸರಿ ಇಳಿಯುವುದಿಲ್ಲ. ಉತ್ತರ ಕರೇಲಿಯಾದವರೂ ಹೆದರಿದ್ದರು. ಆ ಹೆದರಿಕೆಯನ್ನು ಅವರು ಮನವಿಯಾಗಿ ಬದಲಾಯಿಸಿದರು.

ಫಿನ್‌ಲೆಂಡಿನ ಮದ್ದನ್ನು ಹಾಗೇ ತಂದು ಹಚ್ಚಲು ಬರುವುದಿಲ್ಲ ಅನ್ನೋದೂ ನಿಜ. ಅಲ್ಲಿನ ತೊಂದರೆ ಎಲ್‌ಡಿಎಲ್. ನಮ್ಮಲ್ಲಿ ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇರುವವರು ನಾಲ್ವರಲ್ಲಿ ಒಬ್ಬರು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಅದೇ ಅಧ್ಯಯನದ 2014ರ ವರದಿಯಲ್ಲಿ ಎಚ್‌ಡಿಎಲ್ (ಒಳ್ಳೆಯದು ಅಂತ ಕರೆಯುವ ಕೊಲೆಸ್ಟ್ರಾಲ್) ಕಮ್ಮಿ ಇದ್ದವರು 72%. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಜಾಸ್ತಿ, ಎಚ್‌ಡಿಎಲ್ ಕಮ್ಮಿ, ಹೊಟ್ಟೆಯ ಸುತ್ತ ಬೊಜ್ಜು, ಜೊತೆಗೆ ಸಕ್ಕರೆ ಕಾಯಿಲೆ, ಇದು ನಮ್ಮ ಮಾದರಿ. ಹಾಗಾಗಿ ಕ್ಯಾಂಪಿನಲ್ಲಿ ಒಟ್ಟು ಕೊಲೆಸ್ಟ್ರಾಲ್ ಮಾತ್ರ ನೋಡಿ 190 ಇದೆ, ಚೆನ್ನಾಗಿದ್ದೀರಿ ಎಂದು ಕಳಿಸುವುದು ತಪ್ಪು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಉಳಿಯುವ ಸಂಖ್ಯೆ ಹೆಚ್ಚು ಹೇಳುತ್ತದೆ. ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದೂ ಇಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಿದರಾಯಿತು. ಇದು ಗೊತ್ತಿದ್ದರೆ ಬೆಳಗ್ಗೆಯೇ ಕೂಲಿಗೆ ಹೋಗುವವರಿಗಾಗಿ ಸಂಜೆ ಕ್ಯಾಂಪ್ ಇಡಬಹುದು.

ನಮ್ಮಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಕೆಲವು ಕ್ಯಾನ್ಸರ್‌ಗಳ ತಪಾಸಣೆಯನ್ನು ಆಶಾ ಕಾರ್ಯಕರ್ತೆಯರು, ಆರೋಗ್ಯ ಕೇಂದ್ರದವರು ಸರ್ಕಾರಿ ಕಾರ್ಯಕ್ರಮದಲ್ಲೇ ಮಾಡುತ್ತಾರೆ. ಕೊಲೆಸ್ಟ್ರಾಲ್ ಆ ಮೊದಲ ಪಟ್ಟಿಯಲ್ಲಿಲ್ಲ. ಲ್ಯಾಬ್ ಇಲ್ಲದೆಯೂ ವಯಸ್ಸು, ಬಿಪಿ, ಸಿಗರೇಟ್, ಎತ್ತರ-ತೂಕ ನೋಡಿ ಹೃದಯದ ಅಪಾಯ ಅಂದಾಜು ಮಾಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇದೆ. ಅದರಲ್ಲಿ ಅಪಾಯ ಜಾಸ್ತಿ ಕಂಡವರಿಗೆ ಮೊದಲು ರಕ್ತ ಪರೀಕ್ಷೆ ಮಾಡಿದರೆ ಹಣವೂ ಉಳಿಯುತ್ತದೆ, ಸಿಗಬೇಕಾದವರೂ ಸಿಗುತ್ತಾರೆ.

ಅಡುಗೆಮನೆಯ ಕಡೆ ನಮ್ಮ ಕೈಲಿರುವುದು ಕಮ್ಮಿ ಏನಲ್ಲ. ಮಾರ್ತಾ ಸಂಘದ ಕೆಲಸ ಮಾಡಬಲ್ಲ ಸ್ತ್ರೀಶಕ್ತಿ ಗುಂಪುಗಳು ಊರೂರಲ್ಲಿವೆ, ವಾರದ ಸಭೆ ತಪ್ಪಿಸುವುದಿಲ್ಲ. ಹೋಟೆಲಿನ ಬೋಂಡಾ-ಪೂರಿಗೆ ಹಾಕುವ ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಡಬಲ್ ಟೋನ್ಡ್‌ನಲ್ಲಿ 1.5%. ಡಾಲ್ಡಾದಂಥವುಗಳಲ್ಲಿದ್ದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ 2% ಮಿತಿ ಬಂದಿದೆ. ತಟ್ಟೆಯ ಮುಕ್ಕಾಲು ಭಾಗ ಅನ್ನ, ಒಂದು ಚಮಚ ಪಲ್ಯ ಅನ್ನೋದನ್ನು ತಿರುಗಿಸಿ, ಕಾಳು, ಸೊಪ್ಪು ಜಾಸ್ತಿ ಮಾಡುವುದಕ್ಕೆ ಬಸ್ಸಾರು, ಉಪ್ಸಾರು, ಹುರುಳಿಕಾಳಿನ ಸಾರು ನಮ್ಮಲ್ಲೇ ಇವೆ. ಕರೇಲಿಯಾದವರು ಹಳೇ ಮಡಕೆಯಲ್ಲೇ ಹೊಸ ಅಡುಗೆ ಮಾಡಿದ ಹಾಗೆ.

ನಮ್ಮ ಹಳ್ಳಿಯ ಹಾಲಿನ ಡೇರಿಯಲ್ಲಿ ದಿನಕ್ಕೆರಡು ಸಲ ಹಸುವಿನ ಹಾಲಿನ ಫ್ಯಾಟ್ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಅಳತೆ, ಲೆಕ್ಕ, ಸರದಿ ಇವೆಲ್ಲ ಊರಿಗೆ ರೂಢಿಯಾಗಿದೆ. ಆ ಡೇರಿಯ ಸದಸ್ಯರ ಪಟ್ಟಿಯನ್ನೇ ಇಟ್ಟುಕೊಂಡು ಮನೆಗೊಬ್ಬ ಗಂಡಸು, ಒಬ್ಬ ಹೆಂಗಸಿನ ರಕ್ತ ನೋಡಿದರೆ ಕ್ಯಾಂಪಿಗೆ ಬಂದವರ ಲೆಕ್ಕಕ್ಕಿಂತ ಎಷ್ಟೋ ಸತ್ಯವಾದ ಊರಿನ ಸರಾಸರಿ ಸಿಗುತ್ತದೆ. ಆ ಸರಾಸರಿಯನ್ನು, ಯಾರ ಹೆಸರೂ ಇಲ್ಲದೆ, ಡೇರಿಯ ಬೋರ್ಡಿನಲ್ಲಿ ಬರೆದು ಹಾಕಬಹುದು. 190 ದಾಟಿದ ಎಲ್‌ಡಿಎಲ್ ಇರುವವರ ಮನೆಗೆ ಆಶಾ ಕಾರ್ಯಕರ್ತೆ ಅದೇ ವಾರ ಹೋಗಬೇಕು. ಉಳಿದವರಿಗೆ ಸ್ತ್ರೀಶಕ್ತಿ ಗುಂಪಿನ ಊಟದ ಕೂಟ. ಪಕ್ಕದ ಎರಡು-ಮೂರು ಊರುಗಳು ಜೊತೆಗೆ ಸೇರಿದರೆ ಪಂದ್ಯವೂ ಆಗುತ್ತದೆ. ಎರಡನೇ ರಕ್ತ ಪರೀಕ್ಷೆಯ ದಿನಾಂಕವನ್ನು ಮಾತ್ರ ಮೊದಲನೆಯ ದಿನವೇ ಅದೇ ಬೋರ್ಡಿನಲ್ಲಿ ಬರೆಯಬೇಕು, ಅದಕ್ಕೆ ಬೇಕಾದ ದುಡ್ಡನ್ನೂ ಅವತ್ತೇ ತೆಗೆದಿಡಬೇಕು.